ಠಾಕುರ್ಲಿಯಿಂದ ಕ್ಲಾಟ್ ಕೇಂದ್ರಕ್ಕೆ: ಭಾನುವಾರದ ಲೆಕ್ಕಾಚಾರ

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶಕ್ಕಾಗಿ ಅವುಗಳ ಒಕ್ಕೂಟವು ನಡೆಸುವ ಸಾಮಾನ್ಯ ಪರೀಕ್ಷೆಯಾದ ಕ್ಲಾಟ್, 2025ರ ಡಿಸೆಂಬರ್ 7ರ ಭಾನುವಾರ ಮಧ್ಯಾಹ್ನ 2ರಿಂದ 4ರವರೆಗೆ ನಡೆಯಿತು. ಮುಂಬೈ ಸಮೀಪದ ಠಾಕುರ್ಲಿಯ ಅಭ್ಯರ್ಥಿಗೆ ಭಾನುವಾರವೇ ತೊಡಕಿನ ಸಂಗತಿ. ಏಕೆಂದರೆ ಹಳಿ, ಸಿಗ್ನಲ್, ಮೇಲ್ತಂತಿಗಳ ದುರಸ್ತಿಗೆಂದು ಮಧ್ಯ ರೈಲ್ವೆಯು ಕೆಲವು ಗಂಟೆ ಸಂಚಾರವನ್ನು ನಿರ್ಬಂಧಿಸುವ ಮೆಗಾಬ್ಲಾಕ್ ಎಂಬ ವ್ಯವಸ್ಥೆ ಸಾಮಾನ್ಯವಾಗಿ ಅಂದಿನ ಹಗಲಿಗೇ ಬೀಳುತ್ತದೆ.

ಡೊಂಬಿವಲಿ ಮತ್ತು ಕಲ್ಯಾಣಗಳ ನಡುವಿನ ಈ ನಿಲ್ದಾಣದಲ್ಲಿ ನಿಧಾನಗತಿಯ ಲೋಕಲ್‌ಗಳು ಮಾತ್ರ ನಿಲ್ಲುವುದರಿಂದ, ಬ್ಲಾಕ್ ನಿಧಾನಗತಿಯ ಹಳಿಗಳ ಮೇಲೆಯೇ ಬಿದ್ದು ಗಾಡಿಗಳನ್ನು ವೇಗದ ಹಳಿಗೆ ತಿರುಗಿಸಿದಾಗ ಅವು ಠಾಕುರ್ಲಿಯನ್ನು ನಿಲ್ಲದೆ ದಾಟುತ್ತವೆ. ಆಗ ಡೊಂಬಿವಲಿಯವರೆಗೆ ರಿಕ್ಷಾ ಹಿಡಿಯದೆ ಗತ್ಯಂತರವಿಲ್ಲ. ಕೇಂದ್ರವು ನವಿ ಮುಂಬೈಯಲ್ಲಿದ್ದರೆ ಠಾಣೆಯಲ್ಲಿ ಇಳಿದು, ವಾಶಿಯ ಕಡೆಗೆ ಹೋಗುವ ಟ್ರಾನ್ಸ್‌ಹಾರ್ಬರ್ ಮಾರ್ಗದ ಗಾಡಿಗೆ ಬದಲಾಗಬೇಕು. ಆ ಮಾರ್ಗಕ್ಕೂ ಬ್ಲಾಕ್ ತಪ್ಪಿದ್ದಲ್ಲ.

ಆದ್ದರಿಂದ ಅರ್ಜಿಯಲ್ಲಿ ಆದ್ಯತೆ ಸೂಚಿಸುವಾಗ, ಲಭ್ಯವಿದ್ದಲ್ಲಿ, ಗಾಡಿ ಬದಲಾಯಿಸುವ ಅಗತ್ಯವಿಲ್ಲದ ಸ್ಥಳವನ್ನು ಮೊದಲಿಗಿಡುವುದು ಜಾಣತನ. ಅಂತಿಮ ಹಂಚಿಕೆಯೇನೋ ಒಕ್ಕೂಟದ ಕೈಯಲ್ಲೇ ಇರುತ್ತದೆ. ಕೇಂದ್ರದ ಹವಾನಿಯಂತ್ರಣದ ಬಗ್ಗೆ ಪೋಷಕರು ಬಹಳ ವಿಚಾರಿಸುತ್ತಾರಾದರೂ, ಡಿಸೆಂಬರ್‌ನಲ್ಲಿ ಅದಕ್ಕಿಂತ ಮೇಜಿನ ಅಗಲವೇ ಮುಖ್ಯ: 120 ಪ್ರಶ್ನೆಗಳ ಪುಸ್ತಿಕೆಯನ್ನು ತೆರೆದಿಟ್ಟು, ವೃತ್ತಗಳನ್ನು ತುಂಬಿ ಯಂತ್ರದಿಂದ ಓದಿಸುವ ಓಎಂಆರ್ ಉತ್ತರ ಹಾಳೆಯನ್ನು ಪಕ್ಕದಲ್ಲೇ ಹರಡಿಕೊಳ್ಳಲು ಕಿರಿದಾದ ಶಾಲಾ ಡೆಸ್ಕು ಸಾಲದು. ಕೇಂದ್ರ ಗೊತ್ತಾದ ಮೇಲೆ ಹಿಂದಿನ ಭಾನುವಾರ ಅದೇ ಹೊತ್ತಿಗೆ ಒಮ್ಮೆ ಹೋಗಿಬಂದರೆ ದಾರಿಯ ಅಂದಾಜು ಸಿಗುತ್ತದೆ. ಪರೀಕ್ಷೆಯ ದಿನದ ಬ್ಲಾಕಿನ ಸಮಯವನ್ನು ಮಾತ್ರ ರೈಲ್ವೆಯ ಪ್ರಕಟಣೆಯಲ್ಲೇ ನೋಡಿಕೊಳ್ಳಬೇಕು.