ಹಳೇ ಬೇರಿಂಗ್ ಎಸೆಯುವ ಮುನ್ನ...



ಟ್ಯಾಕ್ಸಿ, ಟೆಂಪೋ ಓಡಿಸಿ ಸಂಸಾರ ಸಾಗಿಸುವವರಿಗೆ ‘ಬೇರಿಂಗ್ ಹೋಗಿದೆ, ಎಂಜಿನ್ ಬಿಚ್ಚಬೇಕು’ ಎಂಬ ಮಾತು ಎದೆ ನಡುಗಿಸುತ್ತದೆ. ಖರ್ಚು ಒಂದು ಕಡೆ, ಗಾಡಿ ನಿಂತಷ್ಟು ದಿನ ಸಂಪಾದನೆಯೂ ಇಲ್ಲ. ಹೊಸ ಬೇರಿಂಗ್ ಹಾಕಿಸಿದ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಸದ್ದು ಬಂದರೆ? ಬೇರಿಂಗ್ ಬದಲಾಗಿದೆ, ಕಾರಣ ಹಾಗೇ ಉಳಿದಿದೆ ಎಂದೇ ಅರ್ಥ.

ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ತಿರುಗುವುದು ಅರ್ಧ ಬಳೆಯಂಥ ಲೋಹದ ಚಿಪ್ಪುಗಳ ನಡುವೆ. ಇವೇ ಬೇರಿಂಗ್‌ಗಳು. ನಡುವಿನ ಸಂದು ಕೂದಲೆಳೆಯಷ್ಟು. ಅಲ್ಲಿ ಆಯಿಲ್‌ನ ಪದರ ಇರುವವರೆಗೆ ಲೋಹಕ್ಕೆ ಲೋಹ ತಾಗುವುದಿಲ್ಲ. ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ದೀಪ ಮಿನುಗಿದರೆ, ಏರು ಹತ್ತುವಾಗ ಒಳಗಿನಿಂದ ‘ಟಕ್ ಟಕ್’ ಕೇಳಿಸಿದರೆ, ಗಾಡಿ ನಿಲ್ಲಿಸಿ ಆಯಿಲ್ ಮಟ್ಟ ನೋಡಿ. ಹಾಗೇ ಓಡಿಸಿದರೆ ಶಾಫ್ಟೂ ಕೆಡುತ್ತದೆ.

ಎಂಜಿನ್ ಬಿಚ್ಚಿದಾಗ ಹಳೇ ಚಿಪ್ಪುಗಳನ್ನು ಎಸೆಯಬೇಡಿ. ಯಾವುದು ಎಲ್ಲಿತ್ತೆಂದು ಗುರುತು ಹಾಕಿಡಲು ಮೆಕ್ಯಾನಿಕ್‌ಗೆ ಹೇಳಿ. ರೋಗದ ಕಾರಣ ಅವುಗಳ ಮೇಲೇ ಇರುತ್ತದೆ.

- ಸುತ್ತಲೂ ಗೀರುಗಳಿದ್ದರೆ: ಆಯಿಲ್‌ನಲ್ಲಿ ಕಸ, ಲೋಹದ ಪುಡಿ. ಫಿಲ್ಟರ್ ಬದಲಿಸಿ, ಆಯಿಲ್ ದಾರಿಗಳನ್ನು ಪೂರ್ತಿ ತೊಳೆಸಿ.
- ಮೇಲ್ಮೈ ಕಪ್ಪಾಗಿ, ಒರೆಸಿದಂತೆ ಸವೆದಿದ್ದರೆ: ಆಯಿಲ್ ಸಿಕ್ಕಿಲ್ಲ. ಪಂಪ್, ಜಾಲರಿ ನೋಡಿಸಿ.
- ಪದರ ಚಕ್ಕೆಯಾಗಿ ಎದ್ದಿದ್ದರೆ: ಅತಿ ಭಾರ. ಏರಿನಲ್ಲಿ ಗೇರ್ ಇಳಿಸದೆ ಎಂಜಿನ್ ಹಿಂಡಿದರೂ ಹೀಗಾಗುತ್ತದೆ.
- ಒಂದು ಅಂಚಷ್ಟೇ ಸವೆದಿದ್ದರೆ: ಕನೆಕ್ಟಿಂಗ್ ರಾಡ್ ಬಾಗಿರಬಹುದು.
- ಒಂದೇ ಕಡೆ ಹೊಳೆಯುವ ಕಲೆಯಿದ್ದರೆ: ಚಿಪ್ಪಿನ ಬೆನ್ನಿಗೆ ಕಸ ಸಿಕ್ಕಿರಬಹುದು. ಅದು ಜೋಡಿಸಿದವರ ತಪ್ಪು.

ಮಳೆಗಾಲದ ಮಾತು ಬೇರೆಯೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಗಾಡಿಗಳು ಮುಳುಗಿದ್ದು ನಿಮಗೆ ನೆನಪಿರಬಹುದು. ಜೋರು ಮಳೆ ಬಂದರೆ ಅಂಧೇರಿ ಸಬ್‌ವೇಯಲ್ಲಿ ಇಂದಿಗೂ ನೀರು ನಿಲ್ಲುತ್ತದೆ. ಎಂಜಿನ್ನಿನೊಳಗೆ ನೀರು ಹೋದಾಗ ಸ್ಟಾರ್ಟ್ ಮಾಡಿದರೆ, ನೀರು ಕುಗ್ಗುವುದಿಲ್ಲ, ರಾಡ್ ಬಾಗುತ್ತದೆ. ಆಯಿಲ್‌ಗೆ ನೀರು ಬೆರೆತರೆ ಅದು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಆ ಆಯಿಲ್ ಬೇರಿಂಗನ್ನು ಕಾಪಾಡದು. ಆದ್ದರಿಂದ ನೀರಿನಲ್ಲಿ ನಿಂತ ಗಾಡಿಯ ಕೀಲಿ ತಿರುಗಿಸಲೇಬೇಡಿ. ತಳ್ಳಿಸಿಕೊಂಡೋ ಎಳೆಸಿಕೊಂಡೋ ಗ್ಯಾರೇಜಿಗೆ ಒಯ್ಯಿರಿ. ಎಳೆಸುವ ಖರ್ಚು ಎಂಜಿನ್ ಬಿಚ್ಚುವ ಖರ್ಚಿಗಿಂತ ಎಷ್ಟೋ ಕಡಿಮೆ.