ಸಿದ್ದಿಗಳು ‘ಬುಡಕಟ್ಟು’ ಆದ ಬಗೆ

ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿ ಮೂರು ಮರಗಳಿವೆ. ಹುಣಸೆಯ ಹೆಸರು ಹೊತ್ತಿವೆಯಾದರೂ ಹುಣಸೆಗೂ ಇವಕ್ಕೂ ಯಾವ ನಂಟೂ ಇಲ್ಲ. ಹಲವರು ಕೈ ಕೈ ಹಿಡಿದು ನಿಂತರೂ ತೆಕ್ಕೆಗೆ ಸಿಗದ ಬೂದು ಬಣ್ಣದ ಬೊಡ್ಡೆ, ಐದೇಳು ಎಸಳಾಗಿ ಬಿಚ್ಚಿಕೊಂಡ ಎಲೆ, ಮುಖ ಕೆಳಗೆ ಮಾಡಿ ಜೋತುಬೀಳುವ ಬಿಳಿ ಹೂವು, ನವಿರು ರೋಮದ ಕಾಯಿಯೊಳಗೆ ಹುಳಿಹುಳಿ ಹಿಟ್ಟು. ಸಸ್ಯಶಾಸ್ತ್ರದವರು ಬಾವೊಬಾಬ್ ಎಂದು ಕರೆಯುವ ಇದರ ತವರು ಆಫ್ರಿಕ. ಭಾರತದ ಬಾವೊಬಾಬ್‌ಗಳ ವಂಶವಾಹಿಗಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇವು ಪೂರ್ವ ಆಫ್ರಿಕದಿಂದ ಮನುಷ್ಯರ ಜೊತೆಗೆ, ಒಂದಲ್ಲ ಹಲವು ಸಲ ಬಂದವೆಂದು ಹೇಳಿತು. ಸವಣೂರಿನ ಮರಗಳನ್ನು ದೇವರೇ ತಂದು ನೆಟ್ಟದ್ದೆಂಬ ಐತಿಹ್ಯವೂ ಇದೆ. ಅವುಗಳ ಸುತ್ತ ಕಟ್ಟೆ, ಪೂಜೆ, ಹೆಮ್ಮೆ ಎಲ್ಲವೂ ಬೆಳೆದಿವೆ. ಇದೇ ಹಾದಿಯಲ್ಲಿ ಆಫ್ರಿಕದಿಂದ ಕರ್ನಾಟಕಕ್ಕೆ ಬಂದ ಮನುಷ್ಯರ, ಅಂದರೆ ಸಿದ್ದಿಗಳ, ವಿಷಯಕ್ಕೆ ಬಂದರೆ ಈ ಸೀಮೆಯ ಚರಿತ್ರೆ ಬಾಯಿ ಬಿಡುವುದಿಲ್ಲ. ಅವರ ಬಗ್ಗೆ ಇಂದು ಲೆಕ್ಕಕ್ಕೆ ಬರುವ ಸರಕಾರಿ ಕಾಗದವೆಂದರೆ ಪರಿಶಿಷ್ಟ ಪಂಗಡದ ಪಟ್ಟಿ. ಆ ಪಟ್ಟಿಯಲ್ಲಿ ಅವರು ಕಾಡಿನವರು. ಗುಲಾಮಗಿರಿಯಿಂದ ಬಂದವರು ಎಂಬುದು ಅಲ್ಲಿ ಎಲ್ಲಿಯೂ ಇಲ್ಲ.

ಸವಣೂರು ಸಂಸ್ಥಾನ ಹುಟ್ಟಿದ್ದರ ಹಿಂದೆಯೇ ಒಂದು ಜಗಳವಿದೆ. 1672ರಲ್ಲಿ ಬಿಜಾಪುರದ ಎರಡನೇ ಅಲಿ ಆದಿಲ್ ಶಾ ತೀರಿಕೊಂಡಾಗ ಪಟ್ಟಕ್ಕೆ ಬಂದ ಸಿಕಂದರನಿಗೆ ನಾಲ್ಕು ವರ್ಷ. ಆಡಳಿತ ಖವಾಸ್ ಖಾನನ ಕೈಗೆ ಬಂತು. ಅವನು ಹಬಶಿ ಬಣದ, ಅಂದರೆ ಆಫ್ರಿಕ ಮೂಲದ ಸರದಾರರ ಮುಖಂಡ. ಎದುರು ಬಣದಲ್ಲಿ ಮಿಯಾನಾ ಮನೆತನದ ಪಠಾಣ, ಬಹಲೋಲ್ ಖಾನ್. 1675ರಲ್ಲಿ ಬಹಲೋಲ್ ಖಾನ್ ಉಪಾಯದಿಂದ ಖವಾಸ್ ಖಾನನನ್ನು ಸೆರೆಹಿಡಿದ. ಮರುವರ್ಷದ ಆರಂಭದಲ್ಲಿ ಕೊಲ್ಲಿಸಿದ. ಪಠಾಣರು ಒಂದು ಕಡೆ, ದಖನಿಗಳೂ ಹಬಶಿಗಳೂ ಇನ್ನೊಂದು ಕಡೆ ನಿಂತು ಬಿಜಾಪುರ ಇಬ್ಭಾಗವಾಯಿತು. ಬಹಲೋಲ್ ಖಾನ್ ಸತ್ತ ಮೇಲೆ ಅಧಿಕಾರ ಮತ್ತೆ ಹಬಶಿಯೊಬ್ಬನಿಗೆ, ಆದವಾನಿಯ ಸಿದಿ ಮಸೂದನಿಗೆ, ಸಿಕ್ಕಿತು. ಅಷ್ಟರಲ್ಲಿ ಔರಂಗಜೇಬ ಬಾಗಿಲಿಗೇ ಬಂದಿದ್ದ. 1686ರಲ್ಲಿ ಬಿಜಾಪುರ ಶರಣಾದಾಗ ಮೊಗಲರ ಕಡೆ ಸೇರಿದ ಮಿಯಾನಾ ಮನೆತನದ ಅಬ್ದುಲ್ ರವೂಫ್ ಖಾನನಿಗೆ ಬಂಕಾಪುರ, ತೊರಗಲ್ಲು, ಅಜಮನಗರದ ಮಹಲುಗಳು ಜಹಗೀರಾಗಿ ಬಂದವು. ಸವಣೂರಿನ ನವಾಬರು ಆದದ್ದು ಹೀಗೆ. ಎರಡು ವರ್ಷಕ್ಕೆ ಸಿದಿ ಮಸೂದ್ ಆದವಾನಿಯನ್ನು ಕಳೆದುಕೊಂಡ. ಗೆದ್ದ ಬಣದ ಸಂಸ್ಥಾನ 1948ರವರೆಗೆ ಉಳಿದು ಗೆಜೆಟಿಯರಿಗೆ ಅಧ್ಯಾಯವಾಯಿತು. ಸೋತ ಬಣ ಅಡಿಟಿಪ್ಪಣಿಯಾಯಿತು. ಬಿಜಾಪುರದಲ್ಲೂ ಇದೇ ಕತೆ. ಗೋಳಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾನನ್ನು ಅವನ ಹಬಶಿ ಮಂತ್ರಿ ಇಖ್ಲಾಸ್ ಖಾನನ ಜೊತೆ ಒಂದೇ ಆನೆಯ ಮೇಲೆ ಕೂರಿಸಿ ಆ ಕಾಲದ ಚಿತ್ರಕಾರರೇ ಬರೆದರು. ಗುಲಾಮನಾಗಿ ಬಂದು ರಾಜ್ಯಭಾರಕ್ಕೆ ಹೆಗಲು ಕೊಟ್ಟವನು ಈ ಇಖ್ಲಾಸ್ ಖಾನ್. ಗುಮ್ಮಟ ನೋಡಿ ಬರುವ ನಮ್ಮ ಮಕ್ಕಳಲ್ಲಿ ಅವನ ಹೆಸರು ಬಲ್ಲವರೆಷ್ಟು ಮಂದಿ?

ಹೀಗೆ ಹೇಳುತ್ತ ಹೋದರೆ ಒಂದು ಸುಲಭದ ಹಳ್ಳಕ್ಕೆ ಬೀಳುವ ಅಪಾಯವಿದೆ. ಸಿದ್ದಿಗಳಿಗೆ ಆತ್ಮಗೌರವ ತುಂಬುವ ಉಮೇದಿನಲ್ಲಿ ಭಾಷಣಕಾರರು ಮಲಿಕ್ ಅಂಬರನನ್ನು ಎಳೆತರುತ್ತಾರೆ: ಇಥಿಯೋಪಿಯಾದಲ್ಲಿ ಹುಟ್ಟಿ, ಕೈಯಿಂದ ಕೈಗೆ ಮಾರಾಟವಾಗಿ, ಕೊನೆಗೆ ಅಹಮದನಗರವನ್ನು ಆಳಿ, ಜಹಾಂಗೀರನ ನಿದ್ದೆಗೆಡಿಸಿದ ವೀರ. ಮಾತು ನಿಜ. ಆದರೆ ಇಂದಿನ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳನ್ನು ಅವನ ವಂಶಕ್ಕೆ ಗಂಟುಹಾಕಲು ಆಧಾರ ಸಾಲದು. ದಖನಿನ ಹಬಶಿ ಸರದಾರರಲ್ಲಿ ಬಹುಪಾಲು ಇಥಿಯೋಪಿಯಾ ಕಡೆಯವರು. ಸಿದ್ದಿಗಳ ಮೇಲೆ 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿದ್ದು ಬಂಟು ಮೂಲವನ್ನು. ಅದು ಮೊಜಾಂಬಿಕ್ ಕರಾವಳಿಯತ್ತ, ಅಲ್ಲಿಂದ ಪೋರ್ಚುಗೀಸ್ ಹಡಗುಗಳತ್ತ, ಗೋವೆಯತ್ತ ಬೆರಳು ಮಾಡುತ್ತದೆ. 1580ರ ದಶಕದಲ್ಲಿ ಗೋವೆಯಲ್ಲಿದ್ದ ಡಚ್ಚರವ ಲಿನ್ಸ್ಕೋಟೆನ್, ಪಟ್ಟಣದ ಮುಖ್ಯ ಬೀದಿಯಲ್ಲಿ ಕುದುರೆಗಳ ಜೊತೆಗೇ ಗುಲಾಮರ ಹರಾಜೂ ನಡೆಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅಂಥ ಬೀದಿಗಳಿಂದ ತಪ್ಪಿಸಿಕೊಂಡವರಿಗೆ ಘಟ್ಟವೇ ಹತ್ತಿರದ ಆಸರೆ. ಸಿದ್ದಿಗಳಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇರುವುದು, ಹಲವರ ಮನೆಮಾತು ಕೊಂಕಣಿಯಾಗಿರುವುದು ಇದೇ ಓಟದ ಗುರುತು. ಯಾವ ಒಡೆಯನ ಕೈಯಿಂದ ಯಾವ ಒಡೆಯನ ಮಗ್ಗುಲಿಗೆ ಓಡಿಬಂದರೆಂಬುದರ ಗುರುತು. ಸೇನಾಪತಿಯ ಪುತ್ಥಳಿ ನಿಲ್ಲಿಸಿ ಈ ಓಟವನ್ನು ಮರೆಸಿದರೆ ಅದು ಗೌರವವಲ್ಲ, ಸುಣ್ಣ ಬಳಿದಂತೆ.

ಗುಲಾಮಗಿರಿ ಪೋರ್ಚುಗೀಸರ ಪಾಪ, ನಮಗೇನು ಎಂದು ಕೇಳುವವರಿದ್ದಾರೆ. ಅವರಿಗೆ 1800–01ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಈ ಭಾಗ ಸುತ್ತಿದ ಬುಕಾನನ್‌ನ ವರದಿಯನ್ನು ತೋರಿಸಬೇಕು. ಕೆನರಾ ಮತ್ತು ಮಲಬಾರಿನ ಹೊಲ-ತೋಟಗಳಲ್ಲಿ ದುಡಿಯುತ್ತಿದ್ದ ಗುಲಾಮರ ಬೆಲೆಯನ್ನೂ ಅವರಿಗೆ ಅಳೆದುಕೊಡುತ್ತಿದ್ದ ಭತ್ತವನ್ನೂ ಆತ ದನಕರುಗಳ ಲೆಕ್ಕದಂತೆಯೇ ಬರೆದಿದ್ದಾನೆ. ಅವರನ್ನು ಕೊಂಡವರೂ ಮಾರಿದವರೂ ನಮ್ಮ ಭಾಷೆ, ನೆರೆಭಾಷೆ ಆಡುವವರೇ. 1843ರ ಐದನೇ ಕಾಯಿದೆ ಗುಲಾಮರನ್ನು ಬಿಡುಗಡೆ ಮಾಡಿತೆಂದು ಪಠ್ಯಗಳು ಬರೆಯುತ್ತವೆ. ಅದು ಮಾಡಿದ್ದು ಅಷ್ಟಲ್ಲ: ಮನುಷ್ಯನ ಮೇಲಿನ ಒಡೆತನವನ್ನು ಕೋರ್ಟು ಒಪ್ಪುವುದಿಲ್ಲ ಎಂದಿತು, ಬಿಡುಗಡೆಯಾದವನಿಗೆ ಒಂದು ಗುಂಟೆ ನೆಲವನ್ನೂ ಕೊಡಲಿಲ್ಲ. ಪೋರ್ಚುಗಲ್ ತನ್ನ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ರದ್ದುಮಾಡಿದ್ದು 1869ರಲ್ಲಿ. ಆ ಹೊತ್ತಿಗೆ ಘಟ್ಟದ ಮೇಲಿನ ಸಿದ್ದಿ ಅಡಿಕೆ ತೋಟದ ಒಡೆಯನ ಸಾಲಕ್ಕೆ ಸಿಕ್ಕಿದ್ದ. ಮದುವೆಗೆಂದು ಪಡೆದ ಹಣ, ಮಳೆಗಾಲಕ್ಕೆಂದು ತಂದ ಅಕ್ಕಿ, ಅದರ ಬಡ್ಡಿ, ಬಡ್ಡಿಗೆ ಮಗನ ದುಡಿಮೆ. ಸಂಕೋಲೆ ಹೋಗಿ ಖಾತೆಪುಸ್ತಕ ಬಂತು. ಜೀತ ನಿಷೇಧದ ಸುಗ್ರೀವಾಜ್ಞೆ 1975ರಲ್ಲಿ, ಕಾಯಿದೆ 1976ರಲ್ಲಿ. ಸಿದ್ದಿಗಳ ಅಸ್ಮಿತೆಯ ಬಗ್ಗೆ ಗ್ರಂಥ ಬರೆದ ಕಿರಣ್ ಕಮಲ್ ಪ್ರಸಾದ್ ಅವರೇ ‘ಜೀತ ವಿಮುಕ್ತಿ ಕರ್ನಾಟಕ’ ಎಂಬ ಸಂಘಟನೆಯನ್ನೂ ಕಟ್ಟಿದ್ದು ಆಕಸ್ಮಿಕವೆಂದು ನಾನು ನಂಬುವುದಿಲ್ಲ. ಒಂದನ್ನು ನೋಡಿದ ಕಣ್ಣಿಗೆ ಇನ್ನೊಂದು ಕಾಣದೆ ಇರದು.

1976ರಲ್ಲಿ ಟಿ.ಸಿ. ಪಾಲಾಕ್ಷಪ್ಪ ಅವರ ಅಧ್ಯಯನ ಪುಸ್ತಕವಾಗಿ ಬಂತು. ವಿದ್ವಾಂಸರು ಓದಿದರು, ಅಲ್ಲಿಗೆ ಮುಗಿಯಿತು. ಸಿದ್ದಿಗಳು ದೇಶದ ಕಣ್ಣಿಗೆ ಬಿದ್ದದ್ದು 1987ರಲ್ಲಿ. ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಯೋಜನೆ ಅವರ ಮಕ್ಕಳನ್ನು ಓಟಕ್ಕೆ ಆರಿಸಿತು. ಆ ಯೋಜನೆಯ ಹಿಂದಿನ ತರ್ಕವನ್ನು ಸ್ವಲ್ಪ ನಿಂತು ನೋಡಬೇಕು: ಆಫ್ರಿಕದವರು ಒಲಿಂಪಿಕ್ಸಿನಲ್ಲಿ ಗೆಲ್ಲುತ್ತಾರೆ, ನಮ್ಮಲ್ಲೂ ಆಫ್ರಿಕ ರಕ್ತವಿದೆ, ಆದ್ದರಿಂದ ಪದಕ ಬರುತ್ತದೆ. ಕೆಲವು ಶತಮಾನ ಹಿಂದೆ ಗೋವೆಯ ಹರಾಜಿನಲ್ಲಿ ತೋಳು-ತೊಡೆ ಮುಟ್ಟಿ ನೋಡಿದವನ ತರ್ಕಕ್ಕೂ ಇದಕ್ಕೂ ಉದ್ದೇಶ ಬೇರೆ, ನೋಟ ಒಂದೇ. ಯೋಜನೆಯಿಂದ ಒಳ್ಳೆಯದೂ ಆಯಿತು, ಅದನ್ನು ಅಲ್ಲಗಳೆಯುವಂತಿಲ್ಲ. ಕಮಲಾ ಸಿದ್ದಿ ಅಂಥವರು ಟ್ರ್ಯಾಕಿನಲ್ಲಿ ಹೆಸರು ಮಾಡಿದರು. ಹಲವರಿಗೆ ರೈಲ್ವೆಯಲ್ಲಿ, ಇತರೆಡೆ ನೌಕರಿ ಸಿಕ್ಕಿತು. ಜೀತದ ಮನೆಗೆ ಮೊದಲ ತಿಂಗಳ ಸಂಬಳ ಬಂತು. ಆದರೆ ದೇಹವನ್ನು ನಂಬಿ ಶುರುವಾದದ್ದು ಪದಕದ ಲೆಕ್ಕಕ್ಕೆ ನಿಂತಿತು. 1990ರ ದಶಕದ ಮೊದಲಲ್ಲೇ ಯೋಜನೆ ಮುಚ್ಚಿತು, ಮಕ್ಕಳು ಹಾಸ್ಟೆಲು ಬಿಟ್ಟು ಊರಿಗೆ ವಾಪಸಾದರು. ಅವರ ಹಿರಿಯರ ಕಾಲಿಗೆ ಬೇಡಿ ಹಾಕಿದ್ದರ ಕತೆ ಆ ಯೋಜನೆಗೆ ಎಂದೂ ಬೇಕಾಗಿರಲಿಲ್ಲ.

2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡವಾದರು. ಪಂಗಡ ಎಂದು ಗುರುತಿಸಲು ನಮ್ಮ ಸರಕಾರಗಳು ಇಂದಿಗೂ ಮುಂದಿಟ್ಟುಕೊಳ್ಳುವುದು 1965ರ ಲೋಕೂರ್ ಸಮಿತಿಯ ಅಳತೆಗೋಲು: ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಈ ಐದನ್ನೂ ಸಿದ್ದಿಗಳ ಮೇಲಿಟ್ಟು ನೋಡಿ. ಹಡಗಿನಲ್ಲಿ ಸಮುದ್ರ ದಾಟಿ ಬಂದವರಿಗೆ ಆದಿಮ ಲಕ್ಷಣ. ಬೆನ್ನಟ್ಟಿ ಬರುವವರಿಗೆ ಹೆದರಿ ಕಾಡು ಹೊಕ್ಕವರಿಗೆ ಭೌಗೋಳಿಕ ಪ್ರತ್ಯೇಕತೆ. ಹೊರಗಿನವರು ಕೊಂಡವರೂ ಮಾರಿದವರೂ ಆಗಿದ್ದಾಗ ಅವರಿಂದ ದೂರವಿದ್ದುದಕ್ಕೆ ಸಂಕೋಚ. ಆದ ಅನ್ಯಾಯವೆಲ್ಲ ಇವರ ಸ್ವಭಾವವೆಂದು ಕಾಗದಕ್ಕೆ ಇಳಿಯಿತು. ಸೌಲಭ್ಯ ಸಿಕ್ಕಿತಲ್ಲ, ಕಾರಣ ಯಾವುದಾದರೇನು ಎಂದು ಕೇಳಬಹುದು. ಸೌಲಭ್ಯ ಅವರ ಹಕ್ಕು, ಇನ್ನೂ ಮೊದಲೇ ಸಿಗಬೇಕಿತ್ತು. ಆದರೆ ಕಾರಣ ತಪ್ಪಿದರೆ ಹೊಣೆಯೂ ತಪ್ಪುತ್ತದೆ. ಹಿಂದುಳಿದವನನ್ನು ಮುಂದೆ ತರುವುದು ಸರಕಾರದ ಔದಾರ್ಯವೆನಿಸಿಕೊಳ್ಳುತ್ತದೆ. ಹಿಂದಕ್ಕೆ ತಳ್ಳಿದ್ದು ಯಾರು ಎಂದು ಕೇಳಿದಾಗ ಮಾತ್ರ ಅದು ಬಾಕಿ ಲೆಕ್ಕವಾಗುತ್ತದೆ, ಲೆಕ್ಕದಲ್ಲಿ ತೋಟದ ಒಡೆಯನೂ ಬರುತ್ತಾನೆ.

ಹುಲಗೂರಿನ ಖಾದರ್ ಶಾ ದರ್ಗಾ, ಪಕ್ಕದ ಶಿಶುನಾಳ, ಕನಕದಾಸರ ಬಾಡ ಮತ್ತು ಕಾಗಿನೆಲೆ, ಸರ್ವಜ್ಞನ ಹಿರೇಕೆರೂರು ಸೀಮೆ: ಈ ಭಾಗ ತನ್ನನ್ನು ತಾನು ಹೇಳಿಕೊಳ್ಳುವುದು ಸಂತರ ಹೆಸರಿನಲ್ಲಿ, ಭೇದವಿಲ್ಲದ ನಾಡೆಂದು. ಆ ಹೇಳಿಕೆ ಸುಳ್ಳಲ್ಲ. ಆದರೆ ಇದೇ ಶಿಗ್ಗಾವಿ, ಹಾನಗಲ್ ತಾಲೂಕುಗಳ ಪಶ್ಚಿಮದ ಗಡಿಗೆ ಮುಂಡಗೋಡವಿದೆ. ಅಲ್ಲಿ 1966ರಲ್ಲಿ ಟಿಬೆಟನ್ ಕ್ಯಾಂಪು ಶುರುವಾಯಿತು. ಅವರು ಯಾಕೆ ಬಂದರು, ಯಾರು ಓಡಿಸಿದರು ಎಂಬುದು ಸುತ್ತಿನ ಊರಿನ ಹುಡುಗರಿಗೂ ಗೊತ್ತು; ನೋಡಲು ಬಸ್ಸು ಮಾಡಿಕೊಂಡು ಹೋಗುತ್ತಾರೆ. ಅದೇ ತಾಲೂಕಿನಲ್ಲಿ ಅವರಿಗಿಂತ ಶತಮಾನಗಳ ಮೊದಲೇ ಬಂದು ನೆಲೆಸಿದ, ಕನ್ನಡವನ್ನೂ ಆಡುವ ಸಿದ್ದಿಗಳು ಯಾಕೆ ಬಂದರೆಂದು ಕೇಳುವವರಿಲ್ಲ. ಬೆಂಗಳೂರಿನಲ್ಲಿ ಅವರನ್ನು ವಿದೇಶಿಯರೆಂದು ತಿಳಿದು ಪಾಸ್‌ಪೋರ್ಟ್ ಕೇಳುತ್ತಾರೆ. 2016ರ ಜನವರಿಯಲ್ಲಿ ಅದೇ ನಗರದಲ್ಲಿ ಸುಡಾನಿನವನೊಬ್ಬನ ಕಾರಿನಿಂದ ಆದ ಅಪಘಾತಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಆ ಗುಂಪಿಗೆ ಬೇಕಾಗಿದ್ದ ಸಾಕ್ಷ್ಯ ಬಣ್ಣವೊಂದೇ. ಹಳೆಯ ಗಾಯ ಕೆದಕಬೇಡಿ, ನಿಮ್ಮ ಅಜ್ಜ ಗುಲಾಮನಾಗಿದ್ದ ಎಂದು ಯಾರಿಗೇ ಆದರೂ ಹೇಳುವುದು ಅವಮಾನ ಎಂಬ ಆಕ್ಷೇಪ ಸದುದ್ದೇಶದ್ದು, ನಿಜ. ಆದರೆ ಅವಮಾನ ಸೆರೆಯಾದವನದಲ್ಲ, ಸೆರೆಹಾಕಿದವನದು. ಸಿದ್ದಿಗಳಂತೂ ಮರೆತು ಕೂತಿಲ್ಲ. ಹಿರಿಯರ ಪೂಜೆಯಲ್ಲಿ, ಯಲ್ಲಾಪುರ ತಾಲೂಕಿನ ಸಿದ್ದಿನಾಸಕ್ಕೆ ಮೂರೂ ಧರ್ಮದವರು ಸೇರುವಲ್ಲಿ, ದಮಾಮಿಯ ಬಡಿತದಲ್ಲಿ ತಮ್ಮ ನೆನಪನ್ನು ಇಟ್ಟುಕೊಂಡಿದ್ದಾರೆ. ನಮಗೆ ಆ ಬಡಿತ 2021ರ ‘ಸಲಗ’ ಚಿತ್ರದ ಹಾಡಾಗಿ ಬಂದಾಗ ಕಿವಿಗೆ ಇಂಪಾಯಿತು. ಹಾಡಿದವರು ಎಲ್ಲಿಯವರೆಂದು ಹುಡುಕಿದವರು ಕಡಿಮೆ.

ಕಾರಣ ಬರೆಯದ ಪಟ್ಟಿ ಎಂಥ ಎಡವಟ್ಟು ಮಾಡುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಅದೇ ವರ್ಷ ಸಂಸತ್ತು ಪಟ್ಟಿಯನ್ನು ಬೆಳಗಾವಿ, ಧಾರವಾಡ ಜಿಲ್ಲೆಗಳಿಗೂ ವಿಸ್ತರಿಸಿತು. ಅಂದರೆ 2003ರಿಂದ 2020ರವರೆಗೆ ಹಳಿಯಾಳದ ಅಣ್ಣ ಪಂಗಡ, ಗಡಿಯಾಚೆ ಕಲಘಟಗಿಯ ತಮ್ಮ ಅಲ್ಲ. ಹಾವೇರಿಯ ಹೆಸರು ಈಗಲೂ ಅದರಲ್ಲಿಲ್ಲ. ಶಿಗ್ಗಾವಿ, ಹಾನಗಲ್ಲುಗಳು 1997ರವರೆಗೆ ಧಾರವಾಡ ಜಿಲ್ಲೆಯವೇ. ಜಿಲ್ಲೆ ಒಡೆಯದಿದ್ದರೆ ಪಟ್ಟಿಯೊಳಗೇ ಬರುತ್ತಿದ್ದವು! ಇದು ಕಚೇರಿಯ ತಮಾಷೆಯಾಗಿ ನಿಲ್ಲುವುದಿಲ್ಲ, ನೆಲಕ್ಕೆ ತಾಗುತ್ತದೆ. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಪಂಗಡದವನು 2005ರ ಡಿಸೆಂಬರ್ 13ಕ್ಕೆ ಮೊದಲು ಆ ಭೂಮಿಯಲ್ಲಿದ್ದನೆಂದು ತೋರಿಸಿದರೆ ಸಾಕು. ಪಟ್ಟಿಯಲ್ಲಿಲ್ಲದವನು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲೇ ಇದ್ದುದಕ್ಕೆ ದಾಖಲೆ ತರಬೇಕು. ಪಹಣಿಯಲ್ಲಿ, ಶಾಲೆಯ ರಿಜಿಸ್ಟರಿನಲ್ಲಿ, ಅರಣ್ಯ ಇಲಾಖೆಯ ನಕ್ಷೆಯಲ್ಲಿ ಹೆಸರು ಬೀಳದಂತೆ ಬದುಕಿದ್ದರಿಂದಲೇ ಅವನ ಅಜ್ಜ ಮತ್ತೆ ಯಾರ ಸ್ವತ್ತೂ ಆಗದೆ ಉಳಿದದ್ದು. ಅರ್ಜಿಯ ಜೊತೆ ಲಗತ್ತಿಸಲು ಕೇಳುವುದು ಆ ಅಜ್ಜನ ಕಾಗದವನ್ನೇ.