ಓ'ನೀಲರ ಪಟ್ಟದ ಕಲ್ಲು

ಡಬ್ಲಿನ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ 1602ರ ಸುಮಾರಿಗೆ ಬರೆದ ಒಂದು ನಕ್ಷೆಯಿದೆ. ಬರೆದವನು ರಿಚರ್ಡ್ ಬಾರ್ಟ್‌ಲೆಟ್, ಇಂಗ್ಲಿಷ್ ಸೇನೆಯ ಜೊತೆ ಐರ್ಲೆಂಡಿನ ಉತ್ತರದ ಅಲ್ಸ್ಟರ್ ಸೀಮೆಯನ್ನು ಸುತ್ತಿದವನು. ಅದರಲ್ಲಿ ಒಂದು ಗುಡ್ಡ, ಗುಡ್ಡದ ಮೇಲೆ ಮಣ್ಣಿನ ದಿಣ್ಣೆ ಸುತ್ತುವರಿದ ಕೋಟೆ, ಒಳಗೆ ಹುಲ್ಲಿನ ಮನೆಗಳು, ಹೊರಗೆ ಇಳಿಜಾರಿನಲ್ಲಿ ಒಂಟಿಯಾಗಿ ಒಂದು ಕಲ್ಲಿನ ಕುರ್ಚಿ. ಆ ಗುಡ್ಡದ ಹೆಸರು ಟಲ್ಲಿಹೋಗ್. ಓ'ನೀಲ್ ಕುಲದ ನಾಯಕರಿಗೆ ಪಟ್ಟ ಕಟ್ಟುತ್ತಿದ್ದ ಜಾಗ. ಅದೇ ವರ್ಷ ಆ ಕುರ್ಚಿಯನ್ನು ಒಡೆದು ಹಾಕಿದರು. ಬಂದೂಕು, ಫಿರಂಗಿ, ಕೋಟೆ ಕೊತ್ತಲಗಳ ಯುದ್ಧದಲ್ಲಿ ಬಯಲಲ್ಲಿ ಕುಳಿತ ಕಲ್ಲೊಂದನ್ನು ಒಡೆಯುವ ಅಗತ್ಯ ಯಾರಿಗೆ ಏಕೆ ಬಿತ್ತು?

ಐರಿಷ್ ಕುಲಗಳಲ್ಲಿ ನಾಯಕತ್ವ ತಂದೆಯಿಂದ ಹಿರಿಯ ಮಗನಿಗೆ ತಾನಾಗಿ ಇಳಿಯುತ್ತಿರಲಿಲ್ಲ. ಒಬ್ಬ ಮುತ್ತಜ್ಜನ ಸಂತತಿಯಲ್ಲಿ ಹುಟ್ಟಿದ ಸಮರ್ಥ ಗಂಡಸು ಯಾರಾದರೂ ಆಯ್ಕೆಯಾಗಬಹುದಿತ್ತು. ಇದರಿಂದ ದಾಯಾದಿ ಕಾಳಗಗಳು ಹುಟ್ಟಿದ್ದೂ ನಿಜ, ಕೊಲೆಗಳಾದದ್ದೂ ನಿಜ. ಆದರೆ ಆಯ್ಕೆಗೆ ಒಂದು ಮುದ್ರೆ ಬೇಕಿತ್ತಲ್ಲ, ಅದು ಟಲ್ಲಿಹೋಗ್‌ನಲ್ಲಿ ಬೀಳುತ್ತಿತ್ತು. ಗುಡ್ಡದ ಮೇಲೆ ವಾಸವಿದ್ದ ಓ'ಹೇಗನ್ ಮನೆತನ ಆ ಜಾಗದ ವಂಶಪಾರಂಪರ್ಯ ಕಾವಲುಗಾರರು. ಹೊಸ ನಾಯಕ ಕಲ್ಲಿನ ಮೇಲೆ ಕೂರುತ್ತಿದ್ದ. ಅವನ ಕೈಗೆ ಬಿಳಿಯ ಕೋಲು ಬರುತ್ತಿತ್ತು. ಅಧೀನ ಕುಲದ ಮುಖ್ಯಸ್ಥ ಓ'ಕೇನ್ ಅವನ ತಲೆಯ ಮೇಲಿಂದ ಒಂದು ಪಾದರಕ್ಷೆ ಎಸೆಯುತ್ತಿದ್ದ. ಅಂದಿನಿಂದ ಆತನನ್ನು ಬರಿಯ 'ಓ'ನೀಲ್' ಎಂದೇ ಕರೆಯುತ್ತಿದ್ದರು. ಮೊದಲ ಹೆಸರು ಬೇಕಿರಲಿಲ್ಲ. ಇಡೀ ಸೀಮೆಗೆ ಓ'ನೀಲ್ ಒಬ್ಬನೇ.

ಲಂಡನ್ನಿನ ಆಡಳಿತಕ್ಕೆ ಇದೇ ಸಹಿಸಲಾಗದ ವಿಷಯ. ಎಂಟನೇ ಹೆನ್ರಿ 1541ರಲ್ಲಿ ತನ್ನನ್ನು ಐರ್ಲೆಂಡಿನ ರಾಜನೆಂದು ಘೋಷಿಸಿಕೊಂಡ ಮೇಲೆ ಕುಲನಾಯಕರಿಗೆ ಒಂದು ಕರಾರು ಮುಂದಿಟ್ಟ. ನಿಮ್ಮ ನೆಲವನ್ನು ನನಗೆ ಒಪ್ಪಿಸಿ, ಇಂಗ್ಲಿಷ್ ಬಿರುದಿನ ಜೊತೆ ಅದನ್ನೇ ನಿಮಗೆ ಹಿಂದಿರುಗಿಸುತ್ತೇನೆ, ಇನ್ನು ಮುಂದೆ ಅದು ನಿಮ್ಮ ಹಿರಿಯ ಮಗನಿಗೆ ಎಂದ. ಕೊನ್ ಬಾಕಾಖ್ ಓ'ನೀಲ್ ಒಪ್ಪಿ 1542ರಲ್ಲಿ ಟಿರೋನ್‌ನ ಅರ್ಲ್ ಆದ. ವಾರಸುದಾರನೆಂದು ಮ್ಯಾಥ್ಯೂನನ್ನು ಹೆಸರಿಸಿದ. ಇನ್ನೊಬ್ಬ ಮಗ ಶೇನ್ ಕೆರಳಿದ. ಮ್ಯಾಥ್ಯೂ ಓ'ನೀಲನೇ ಅಲ್ಲ, ಡಂಡಾಕ್ ಊರಿನ ಕಮ್ಮಾರನ ಮಗ ಎಂದ. ಮ್ಯಾಥ್ಯೂ 1558ರಲ್ಲಿ ಕೊಲೆಯಾದ, ಮರುವರ್ಷ ತಂದೆ ತೀರಿಕೊಂಡ, ಶೇನ್ ಟಲ್ಲಿಹೋಗ್‌ನಲ್ಲಿ ಓ'ನೀಲ್ ಆದ. 1562ರ ಜನವರಿಯಲ್ಲಿ ಆತ ಎಲಿಜಬೆತ್ ರಾಣಿಯ ಆಸ್ಥಾನಕ್ಕೆ ಹೋದಾಗ ಹಿಂದೆ ಉದ್ದಗೂದಲಿನ, ಕೇಸರಿ ಬಣ್ಣದ ಅಂಗಿಯ ಕೊಡಲಿ ಪಡೆ ನಡೆದು ಬಂದದ್ದನ್ನು ಲಂಡನ್ ಜನ ಬಾಯಿಬಿಟ್ಟು ನೋಡಿದರು. ಐದು ವರ್ಷದ ನಂತರ ಆತನನ್ನು ಮ್ಯಾಕ್‌ಡೊನೆಲ್ ಎಂಬ ಇನ್ನೊಂದು ಕುಲದವರು ಕೊಂದರು. 1569ರಲ್ಲಿ ಡಬ್ಲಿನ್ ಪಾರ್ಲಿಮೆಂಟ್ ಕಾಯಿದೆ ಮಾಡಿ ಓ'ನೀಲ್ ಬಿರುದನ್ನೇ ನಿಷೇಧಿಸಿತು. ಆ ಕಾಯಿದೆಯ ಹೊತ್ತಿಗೆ ಟರ್ಲೋ ಲೂನಿಯಖ್ ಎಂಬ ಇನ್ನೊಬ್ಬ ಆ ಬಿರುದು ಧರಿಸಿ ಅಲ್ಸ್ಟರ್‌ನಲ್ಲಿ ಆಳುತ್ತಿದ್ದ!

ಕೊಲೆಯಾದ ಮ್ಯಾಥ್ಯೂವಿನ ಮಗ ಹ್ಯೂ. ಇಂಗ್ಲಿಷ್ ಕುಟುಂಬವೊಂದರ ಆಶ್ರಯದಲ್ಲಿ ಬೆಳೆದವನು, ರಾಣಿಯ ಕಡೆಯಿಂದ ಯುದ್ಧ ಮಾಡಿದವನು, ಅಜ್ಜನ ಅರ್ಲ್ ಪದವಿಯನ್ನು ರಾಣಿಯಿಂದಲೇ ಪಡೆದವನು. ಇಂಗ್ಲಿಷ್ ಆಡಳಿತ ತನ್ನ ಕೈಯಾರೆ ಬೆಳೆಸಿದ ಮನುಷ್ಯ. ಅವನೇ ತಿರುಗಿಬಿದ್ದಾಗ, 1595ರಲ್ಲಿ, ಆತನನ್ನು ದ್ರೋಹಿಯೆಂದು ಸಾರಿದರು. ಅದೇ ವರ್ಷ ಟರ್ಲೋ ಸತ್ತ, ಹ್ಯೂ ಟಲ್ಲಿಹೋಗ್‌ನ ಕಲ್ಲಿನ ಮೇಲೆ ಕುಳಿತ. ರಾಣಿ ಕೊಟ್ಟ ಅರ್ಲ್ ಪದವಿಗಿಂತ ಆ ಗುಡ್ಡ ಕೊಟ್ಟ ಹೆಸರು ಅಲ್ಸ್ಟರ್‌ನಲ್ಲಿ ದೊಡ್ಡದು ಎಂಬುದು ಆತನಿಗೆ ಗೊತ್ತಿತ್ತು. ಅವನ ಶತ್ರುಗಳಿಗೂ ಗೊತ್ತಿತ್ತು.

ಇತಿಹಾಸದ ಪುಸ್ತಕಗಳು ಒಂಬತ್ತು ವರ್ಷಗಳ ಯುದ್ಧ ಎಂದು ಕರೆಯುವ ಆ ಹೋರಾಟದ ಎಲ್ಲ ಕಾಳಗಗಳನ್ನು ಇಲ್ಲಿ ಹೇಳಬೇಕಿಲ್ಲ. 1598ರ ಆಗಸ್ಟಿನಲ್ಲಿ ಯೆಲ್ಲೊ ಫೋರ್ಡ್ ಎಂಬಲ್ಲಿ ಹ್ಯೂ ಇಂಗ್ಲಿಷ್ ಸೇನೆಯನ್ನು ಮುರಿದ. ಸೇನಾಪತಿ ಹೆನ್ರಿ ಬ್ಯಾಗ್ನಲ್ ಅಲ್ಲೇ ಸತ್ತ. ಈ ಬ್ಯಾಗ್ನಲ್‌ನ ತಂಗಿ ಮೇಬಲ್ 1591ರಲ್ಲಿ ಮನೆಬಿಟ್ಟು ಹೋಗಿ ಹ್ಯೂನನ್ನು ಮದುವೆಯಾಗಿದ್ದಳು. ಅಣ್ಣ ಗಂಡನ ಎದುರು ಬೀಳುವ ಹೊತ್ತಿಗೆ ಅವಳು ತೀರಿಕೊಂಡಿದ್ದಳು. ಸ್ಪೇನಿನ ನೆರವು ಬಂತು, ಆದರೆ ಬಂದಿಳಿದದ್ದು ದ್ವೀಪದ ಇನ್ನೊಂದು ತುದಿಯ ಕಿನ್ಸೇಲ್‌ನಲ್ಲಿ. ಚಳಿಗಾಲದಲ್ಲಿ ಅಷ್ಟು ದೂರ ನಡೆದು ಹೋದ ಅಲ್ಸ್ಟರ್ ಪಡೆ 1601ರ ಕ್ರಿಸ್‌ಮಸ್ ಮುನ್ನಾದಿನ ಕೆಲವೇ ಗಂಟೆಗಳಲ್ಲಿ ಸೋತಿತು.

ಆಮೇಲೆ ಇಂಗ್ಲಿಷ್ ದಂಡನಾಯಕ ಮೌಂಟ್‌ಜಾಯ್ ಅಲ್ಸ್ಟರ್‌ನ ಒಳಗೆ ಬಂದ. 1602ರ ಬೇಸಿಗೆಯ ಕೊನೆಯಲ್ಲಿ ಟಲ್ಲಿಹೋಗ್‌ನಲ್ಲಿ ಐದು ದಿನ ಬೀಡುಬಿಟ್ಟ. ಅವನ ಕಾರ್ಯದರ್ಶಿ ಫೈನ್ಸ್ ಮೋರಿಸನ್ ಆ ದಿನಗಳ ಕೆಲಸವನ್ನು ಬರೆದಿಟ್ಟಿದ್ದಾನೆ: ಸುತ್ತಲಿನ ಸೀಮೆಯ ಬೆಳೆಯನ್ನೆಲ್ಲ ಹಾಳುಗೆಡವಿದರು, ಹ್ಯೂನ ಸ್ವಂತ ಹೊಲಗಳನ್ನೂ ಬಿಡಲಿಲ್ಲ, ಓ'ನೀಲರಿಗೆ ಪಟ್ಟ ಕಟ್ಟುವ ಕಲ್ಲಿನ ಕುರ್ಚಿಯನ್ನು ಒಡೆದರು. ಬೆಳೆ ಮತ್ತು ಕುರ್ಚಿ ಒಂದೇ ಉಸಿರಿನಲ್ಲಿ ಬರುವ ಆ ವಾಕ್ಯವನ್ನು ಓದಿದಾಗ ನನಗೆ ಸಿಟ್ಟೇ ಬರುತ್ತದೆ. ಇದು ಗೆದ್ದ ಸೈನಿಕರ ಪುಂಡಾಟವಾಗಿದ್ದರೆ ಮರೆಯಬಹುದಿತ್ತು. ಬೆಳೆ ನಾಶ ಮಾಡಿದರೆ ಈ ವರ್ಷದ ಜನ ಬಾಗುತ್ತಾರೆ, ಕಲ್ಲು ಒಡೆದರೆ ಮುಂದಿನ ಓ'ನೀಲ್ ಹುಟ್ಟುವುದಿಲ್ಲ ಎಂಬ ಲೆಕ್ಕಾಚಾರ ಅದರಲ್ಲಿದೆ. ಮುಂದಿನ ಹಸಿವಿನ ವರದಿಯೂ ಮೋರಿಸನ್ನನ ಬರಹದಲ್ಲೇ ಸಿಗುತ್ತದೆ. ಟಲ್ಲಿಹೋಗ್‌ನಿಂದ ಟೂಮ್‌ವರೆಗೆ ಸಾವಿರ ಹೆಣಗಳು ಮಣ್ಣು ಕಾಣದೆ ಬಿದ್ದಿವೆ, ಟಿರೋನ್‌ನಲ್ಲಿ ಸುಮಾರು 3,000 ಜನ ಉಪವಾಸ ಸತ್ತಿದ್ದಾರೆ ಎಂದು ಇಂಗ್ಲಿಷರಿಗೆ ತಿಳಿಸಿದವನು ಒಬ್ಬ ಓ'ಹೇಗನ್. ಕಲ್ಲನ್ನು ಕಾಯುತ್ತಿದ್ದ ಮನೆತನದವನು.

1603ರ ಮಾರ್ಚ್ 30ರಂದು ಮೆಲ್ಲಿಫಾಂಟ್‌ನಲ್ಲಿ ಹ್ಯೂ ಶರಣಾದ. ರಾಣಿ ಸತ್ತು ಆರು ದಿನವಾಗಿತ್ತು, ಆ ಸುದ್ದಿಯನ್ನು ಮೌಂಟ್‌ಜಾಯ್ ಅವನಿಂದ ಮುಚ್ಚಿಟ್ಟಿದ್ದ. ಕರಾರಿನಲ್ಲಿ ಹ್ಯೂಗೆ ಅರ್ಲ್ ಪದವಿ ಉಳಿಯಿತು, ನೆಲದ ಬಹುಪಾಲು ಉಳಿಯಿತು. ಓ'ನೀಲ್ ಎಂಬ ಬಿರುದನ್ನು ಮಾತ್ರ ಬಿಟ್ಟುಕೊಡಬೇಕಾಯಿತು. 1607ರಲ್ಲಿ ಆತ ರಾಥ್‌ಮುಲ್ಲನ್‌ನಿಂದ ಹಡಗು ಹತ್ತಿ ದೇಶ ಬಿಟ್ಟ, 1616ರಲ್ಲಿ ರೋಮ್‌ನಲ್ಲಿ ಸತ್ತ. ಅವನು ಹೋದ ಮೇಲೆ ಅವನ ಸೀಮೆಯನ್ನು ತುಂಡು ಮಾಡಿ ಇಂಗ್ಲೆಂಡ್, ಸ್ಕಾಟ್ಲೆಂಡಿನ ವಲಸೆಗಾರರಿಗೆ ಹಂಚಿದರು. ಹಂಚಲು ಮೊದಲು ಅಳೆಯಬೇಕು, ಅಳೆಯಲು ನಕ್ಷೆ ಬೇಕು. ಸ್ಥಳೀಯರಿಗೆ ಇದು ಮೊದಲೇ ಅರ್ಥವಾಗಿತ್ತು. ಬಾರ್ಟ್‌ಲೆಟ್ ಡಾನಿಗಾಲ್‌ಗೆ ನಕ್ಷೆ ಬರೆಯಲು ಹೋದಾಗ, ತಮ್ಮ ನಾಡು ಬಯಲಾಗುವುದು ಬೇಡವೆಂದು ಅಲ್ಲಿನ ಜನ ಅವನ ತಲೆ ಕಡಿದರೆಂದು ಇಂಗ್ಲಿಷ್ ಅಧಿಕಾರಿ ಸರ್ ಜಾನ್ ಡೇವಿಸ್ 1609ರ ಪತ್ರದಲ್ಲಿ ಬರೆದಿದ್ದಾನೆ.

ಟಲ್ಲಿಹೋಗ್‌ನ ಕಲ್ಲಿನ ಚೂರುಗಳು ಹತ್ತಿರದ ಪಾದ್ರಿಯ ತೋಟದಲ್ಲಿ 18ನೇ ಶತಮಾನದವರೆಗೂ ಬಿದ್ದಿದ್ದವು, ಆಮೇಲೆ ಒಂದೊಂದಾಗಿ ಯಾರೋ ಹೊತ್ತೊಯ್ದರು ಎಂದು ಆ ಊರಿನ ನೆನಪು. ಕುಕ್ಸ್‌ಟೌನ್ ಪಕ್ಕದ ಆ ಗುಡ್ಡದ ಮೇಲೆ ಈಗ ಮಣ್ಣಿನ ದಿಣ್ಣೆ ಮತ್ತು ಮರಗಳಿವೆ, ಕಲ್ಲಿಲ್ಲ. ಓ'ನೀಲರ ಇನ್ನೊಂದು ಶಾಖೆಯಾದ ಕ್ಲಾಂಡಿಬಾಯ್ ಮನೆತನದ ಪಟ್ಟದ ಕುರ್ಚಿ ಮಾತ್ರ ಬೆಲ್‌ಫಾಸ್ಟಿನ ಬೆಣ್ಣೆ ಮಾರುಕಟ್ಟೆಯಲ್ಲಿ ಕೆಲಕಾಲ ಬಿದ್ದಿದ್ದೂ ಬದುಕಿಕೊಂಡಿದೆ. ಅದು ಈಗ ಅದೇ ಊರಿನ ಅಲ್ಸ್ಟರ್ ಮ್ಯೂಸಿಯಂನಲ್ಲಿದೆ. ಆ ಕಡೆ ಹೋಗುವ ಕನ್ನಡಿಗರು ಟೈಟಾನಿಕ್ ಪ್ರದರ್ಶನಾಲಯ ನೋಡಿ ಮುಗಿಸಿದ ಮೇಲೆ ಒಂದು ಗಂಟೆ ಇದಕ್ಕೂ ಇಟ್ಟುಕೊಳ್ಳಿ, ಪ್ರವೇಶ ಉಚಿತ.